ಬೀಗದ ಕೈ ಇಲ್ಲದ ಕಾರು

ಯಂತ್ರಗಳ ಮೇಲೆ ಮನುಷ್ಯನ ದೂರು ಬಹುಕಾಲದಿಂದ ಒಂದೇ ಬಗೆಯದಾಗಿತ್ತು: ಬೇಕಾದಾಗ ಹೊರಡುವುದಿಲ್ಲ. ಮೋಟಾರು ಗಾಡಿಯಂತೂ ಈ ವಿಷಯದಲ್ಲಿ ಹೆಸರು ಪಡೆದದ್ದು. ಚಳಿಗಾಲದ ಬೆಳಗ್ಗೆ ಮನೆಮಂದಿಯೆಲ್ಲ ಹಿಂದೆ ನಿಂತು ತಳ್ಳಿ, ಅದು ನಾಲ್ಕು ಸಲ ಕೆಮ್ಮಿ, ಹೊಗೆ ಬಿಟ್ಟು, ಹೊರಟರೆ ಅದೇ ದೊಡ್ಡ ಶುಭಶಕುನ. ಈಗ ಕೇಳಿಬರುತ್ತಿರುವ ದೂರು ಅದಕ್ಕೆ ತೀರ ವಿರುದ್ಧವಾದದ್ದು. “ನಾನು ನಿಲ್ಲಿಸಲಿಲ್ಲ, ಗಾಡಿ ತಾನಾಗಿಯೇ ನಿಂತುಬಿಟ್ಟಿತು” ಎನ್ನುತ್ತಾರೆ ಜನ. ಕೆಟ್ಟು ನಿಂತದ್ದಲ್ಲ, ಪೆಟ್ರೋಲು ತೀರಿ ನಿಂತದ್ದಲ್ಲ. ಇನ್ನು ಸಾಕೆಂದು ತಾನೇ ತೀರ್ಮಾನ ಮಾಡಿ ನಿಂತದ್ದು.

ಈ ದೂರು ಹೆಚ್ಚಾಗಿ ಕೇಳಿಸುವುದು ಅಮೆರಿಕದಲ್ಲಿ. ಹಿಮ ಬೀಳುವ ಕಾಲ. ತಾಯಿಯೊಬ್ಬಳು ಶಾಲೆಯ ಮುಂದೆ ಕಾರು ನಿಲ್ಲಿಸಿಕೊಂಡು ಮಗುವಿಗಾಗಿ ಕಾಯುತ್ತ ಕುಳಿತಿರುತ್ತಾಳೆ ಎನ್ನಿ. ಎಂಜಿನ್ನು ನಡೆಯುತ್ತಿದೆ, ಒಳಗೆ ಬೆಚ್ಚಗಿದೆ. ಅರ್ಧ ಗಂಟೆಯಾಗುತ್ತಲೂ ಎದುರಿನ ಫಲಕದಲ್ಲಿ ಒಂದು ಸೂಚನೆ ಮೂಡುತ್ತದೆ, ಮೂವತ್ತು, ಇಪ್ಪತ್ತೊಂಬತ್ತು, ಇಪ್ಪತ್ತೆಂಟು ಎಂದು ಎಣಿಕೆ ಇಳಿಯುತ್ತದೆ, ಎಂಜಿನ್ನು ನಿಲ್ಲುತ್ತದೆ. ಆಕೆಗೆ ಸಿಟ್ಟು ಬರುವುದು ಸಹಜ. ಹಣ ಕೊಟ್ಟು ಕೊಂಡ ಗಾಡಿ. ಇದಕ್ಕೆ ಯಜಮಾನರು ಯಾರು? ನಾವೋ, ಅದೋ?

ಈ ಪ್ರಶ್ನೆಗೆ ಉತ್ತರ ಹೇಳುವ ಮುನ್ನ, ಕಾರಿಗೆ ಈ ಬುದ್ಧಿಯನ್ನು ಏಕೆ ಕಲಿಸಬೇಕಾಯಿತು ಎಂಬುದನ್ನು ತಿಳಿದುಕೊಳ್ಳಬೇಕು. ಅದರ ಹಿಂದೆ ಕೆಲವು ಮನೆಗಳ ದುಃಖ ಇದೆ.

ಬೀಗ ತೆಗೆಯುವ ಸಾಧನಕ್ಕೆ ನಾವು ‘ಬೀಗದ ಕೈ’ ಎನ್ನುತ್ತೇವೆ. ಉತ್ತರ ಕರ್ನಾಟಕದವರು ‘ಕೀಲಿ ಕೈ’ ಎನ್ನುತ್ತಾರೆ. ಎರಡರಲ್ಲಿಯೂ ‘ಕೈ’ ಇದೆ ಎಂಬುದನ್ನು ಗಮನಿಸಿ. ಕೈಗೆ ತನ್ನದೇ ಆದ ಒಂದು ನೆನಪುಂಟು. ಮನಸ್ಸು ಅಡಿಗೆಯ ಮೇಲೋ ಆಫೀಸಿನ ಮೇಲೋ ಇದ್ದರೂ ಕೈ ತನ್ನ ಕೆಲಸ ಮಾಡಿ ಮುಗಿಸಿರುತ್ತದೆ. ಮನೆಗೆ ಬೀಗ ಹಾಕಿ ಹೊರಟವರು ಬೀದಿಯ ತಿರುವಿನಲ್ಲಿ “ಹಾಕಿದೆನೋ ಇಲ್ಲವೋ” ಎಂದು ಅನುಮಾನ ಬಂದರೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಸೆರಗಿನ ಗಂಟನ್ನೋ ಸೊಂಟದ ಗೊಂಚಲನ್ನೋ ಮುಟ್ಟಿ ನೋಡಿಕೊಳ್ಳುತ್ತಾರೆ. ಬೀಗದ ಕೈ ಅಲ್ಲಿದ್ದರೆ ಅರ್ಧ ಸಮಾಧಾನ.

ಕಾರಿನ ವಿಷಯದಲ್ಲಿ ಈ ಸಮಾಧಾನ ಪೂರ್ತಿಯಾಗಿಯೇ ಸಿಕ್ಕುತ್ತಿತ್ತು. ಮೊದಲ ಕಾಲದ ಮೋಟಾರುಗಳಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬೇಕಾಗಿತ್ತು. ಎಂಜಿನ್ನು ಹಿಂದಕ್ಕೆ ಒದ್ದರೆ ತಿರುಗಿಸಿದವನ ಮಣಿಕಟ್ಟು ಮುರಿಯುವುದೂ ಉಂಟಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು ೧೯೧೨ರಲ್ಲಿ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದ ಮೇಲೆ ಆ ಕಷ್ಟ ಕ್ರಮೇಣ ಕಡಮೆಯಾಯಿತು. ಆಮೇಲೂ ಬಹಳ ವರ್ಷ ಅನೇಕ ಗಾಡಿಗಳಲ್ಲಿ ಕೀಲಿ ಬೇರೆ, ಸ್ಟಾರ್ಟರು ಬೇರೆ: ಕೀಲಿ ತಿರುಗಿಸಿ, ಅನಂತರ ಒಂದು ಗುಂಡಿಯನ್ನು ಒತ್ತಬೇಕು, ಇಲ್ಲವೇ ಎಳೆಯಬೇಕು. ಕೀಲಿಯೊಂದನ್ನೇ ತಿರುಗಿಸಿ ಎಂಜಿನ್ನು ಹೊರಡಿಸುವ ಪದ್ಧತಿಯನ್ನು ಕ್ರೈಸ್ಲರ್ ಕಂಪನಿ ೧೯೪೯ರಲ್ಲಿ ತಂದಿತು. ಈಗಿನವರು ಹೊಸದೆಂದು ಕೊಂಡಾಡುವ ಗುಂಡಿ ಹೀಗೆ ಅಜ್ಜಂದಿರ ಕಾಲದ್ದೇ. ಹೊಸದಾಗಿರುವುದು ಕೀಲಿ ಇಲ್ಲದಿರುವುದು ಮಾತ್ರ.

ಕೀಲಿಯ ದೊಡ್ಡ ಗುಣವೆಂದರೆ, ಅದನ್ನು ಕಿತ್ತುಕೊಳ್ಳಬೇಕಾದರೆ ಎಂಜಿನ್ನನ್ನು ಮೊದಲು ನಿಲ್ಲಿಸಲೇಬೇಕು. ಅಮೆರಿಕ ಸರ್ಕಾರ ಕಾರುಗಳ್ಳರ ಹಾವಳಿಯನ್ನು ತಡೆಯುವುದಕ್ಕಾಗಿ ೧೯೭೦ರ ಜನವರಿಯಿಂದ ಒಂದು ನಿಯಮವನ್ನೇ ಜಾರಿಗೆ ತಂದಿತು: ಕೀಲಿಯನ್ನು ತೆಗೆದ ಮೇಲೆ ಎಂಜಿನ್ನು ನಡೆಯಕೂಡದು, ಗಾಡಿ ಓಡಿಸಲು ಬಾರದಂತೆ ಬಿಗಿದುಕೊಳ್ಳಬೇಕು, ಕೀಲಿಯನ್ನು ಅಲ್ಲೇ ಬಿಟ್ಟು ಚಾಲಕ ಬಾಗಿಲು ತೆರೆದರೆ ಗಾಡಿ ಸದ್ದು ಮಾಡಿ ಎಚ್ಚರಿಸಬೇಕು. ನಿಯಮ ಹುಟ್ಟಿದ್ದು ಕಳ್ಳರಿಗಾಗಿ. ಅದು ಮನೆಯವರನ್ನೂ ಕಾಯುತ್ತಿತ್ತು. ಮನೆಯ ಬಾಗಿಲು ತೆರೆಯುವ ಬೀಗದ ಕೈಯೂ ಅದೇ ಗೊಂಚಲಿನಲ್ಲಿ. ಕಾರಿನ ಎಂಜಿನ್ನು ನಿಲ್ಲಿಸದೆ ಮನೆಯೊಳಕ್ಕೆ ಕಾಲಿಡುವಂತೆಯೇ ಇರಲಿಲ್ಲ.

೧೯೯೦ರ ದಶಕದ ಕೊನೆಯ ವರ್ಷಗಳಲ್ಲಿ ಬೆಲೆಬಾಳುವ ಜರ್ಮನ್ ಕಾರುಗಳಲ್ಲಿ ಕೀಲಿಯಿಲ್ಲದ ಪದ್ಧತಿ ಬಂತು. ಆಮೇಲೆ ಎಲ್ಲ ದೇಶಗಳ ಸಾಮಾನ್ಯ ಕಾರುಗಳಿಗೂ ಹಬ್ಬಿತು. ನಮ್ಮ ಊರುಗಳಲ್ಲಿಯೂ ಈಗ ಹೊಸ ಕಾರು ಕೊಂಡವರ ಜೇಬಿನಲ್ಲಿ ಇರುವುದು ಹುಣಿಸೆ ಬೀಜಕ್ಕಿಂತ ದೊಡ್ಡದು, ಸೋಪಿನ ತುಂಡಿಗಿಂತ ಚಿಕ್ಕದು ಎನ್ನಬಹುದಾದ ಒಂದು ಕರಿಯ ಡಬ್ಬಿ. ಅದಕ್ಕೆ ‘ಸ್ಮಾರ್ಟ್ ಕೀ’ ಎಂದು ಹೆಸರು.

ರೇಡಿಯೋ ಇಟ್ಟುಕೊಂಡವರಿಗೆ ಅದರ ಮರ್ಮವನ್ನು ತಿಳಿಸುವುದು ಕಷ್ಟವಲ್ಲ. ಆ ಡಬ್ಬಿ ಒಂದು ಪುಟ್ಟ ರೇಡಿಯೋ. ಕೇಳುವುದೂ ಉಂಟು, ಪ್ರಸಾರ ಮಾಡುವುದೂ ಉಂಟು. ಕಾರು ಸುಮಾರು ೧೨೫ ಕಿಲೋಹರ್ಟ್ಸ್ ಆವರ್ತನದಲ್ಲಿ “ಯಾರಿದ್ದೀರಿ?” ಎಂದು ಮೆಲ್ಲಗೆ ಕೂಗುತ್ತದೆ. ನಮ್ಮ ಮೀಡಿಯಂ ವೇವ್ ಪಟ್ಟಿ ಶುರುವಾಗುವುದೇ ೫೩೦ರ ಆಸುಪಾಸಿನಲ್ಲಿ. ಈ ಕೂಗು ಅದಕ್ಕಿಂತ ಬಹಳ ಕೆಳಗಿನದು. ಅದು ಕಾರಿನ ಒಂದೆರಡು ಮೀಟರು ಆಚೆಗೆ ಕೇಳಿಸದಂತೆ ಮಾಡಿರುತ್ತಾರೆ. ಜೇಬಿನ ಡಬ್ಬಿ ಅದನ್ನು ಕೇಳಿ, ಯೂರೋಪಿನಲ್ಲಿ ೪೩೩, ಅಮೆರಿಕದಲ್ಲಿ ಸಾಮಾನ್ಯವಾಗಿ ೩೧೫ ಮೆಗಾಹರ್ಟ್ಸ್ ಆವರ್ತನದಲ್ಲಿ ಒಂದು ಗುಟ್ಟಿನ ಸಂಖ್ಯೆಯನ್ನು ಮರುನುಡಿಯುತ್ತದೆ. ಸಂಖ್ಯೆ ಸರಿಯಾಗಿದ್ದರೆ ಬಾಗಿಲು ತೆರೆಯುತ್ತದೆ. ಬ್ರೇಕಿನ ಮೇಲೆ ಕಾಲಿಟ್ಟು ಗುಂಡಿ ಒತ್ತಿದರೆ ಎಂಜಿನ್ನು ಹೊರಡುತ್ತದೆ.

ಇಲ್ಲಿ ಒಂದು ವಿಷಯವನ್ನು ಬಹಳ ಜನ ತಿಳಿದಿರುವುದಿಲ್ಲ. ಎಂಜಿನ್ನು ಹೊರಡುವುದಕ್ಕೆ ಆ ಡಬ್ಬಿ ಬೇಕು. ಹೊರಟ ಮೇಲೆ ನಡೆಯುವುದಕ್ಕೆ ಬೇಡ. ಅದು ಹೀಗೇ ಇರಬೇಕಾದದ್ದು ನ್ಯಾಯ. ಡಬ್ಬಿಯೊಳಗಿನ ಬಿಲ್ಲೆಯಷ್ಟು ಬ್ಯಾಟರಿ ಹೆದ್ದಾರಿಯ ನಡುವೆ ತೀರಿಹೋದರೆ, ಹಿಂದೆ ಲಾರಿ ಬರುತ್ತಿರುವಾಗ ಎಂಜಿನ್ನು ನಿಂತುಬಿಡಬಾರದಷ್ಟೆ. ಆದರೆ ಇದರಿಂದ ಒಂದು ವಿಚಿತ್ರವೂ ಹುಟ್ಟುತ್ತದೆ. ಯಜಮಾನರನ್ನು ರೈಲ್ವೆ ನಿಲ್ದಾಣದಲ್ಲಿ ಇಳಿಸಿ ಹೆಂಡತಿ ಕಾರನ್ನು ಮನೆಗೆ ತರುತ್ತಾಳೆ. ಸ್ಮಾರ್ಟ್ ಕೀ ಯಜಮಾನರ ಜೇಬಿನಲ್ಲಿಯೇ ಅರಸೀಕೆರೆಯವರೆಗೆ ಹೋಗಿರುತ್ತದೆ. ಕಾರು ಒಂದೆರಡು ಸಲ ಸದ್ದು ಮಾಡಿದ್ದೀತು. ಆದರೂ ನಿಲ್ಲದೆ ಮನೆ ತಲಪುತ್ತದೆ. ಮನೆಯ ಮುಂದೆ ನಿಲ್ಲಿಸಿದ ಮೇಲೆ ಮತ್ತೆ ಹೊರಡುವುದಿಲ್ಲ. ಇದು ನಕ್ಕು ಮರೆಯಬಹುದಾದ ಪ್ರಸಂಗ.

ನಗಲಾರದ ಪ್ರಸಂಗ ಇನ್ನೊಂದಿದೆ. ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡು, ಗುಂಡಿ ಒತ್ತಿ ನಿಲ್ಲಿಸುವುದನ್ನು ಮರೆತು, ಚಾಲಕ ಇಳಿದು ಮನೆಯೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡರೆ ಎಂಜಿನ್ನು ನಡೆಯುತ್ತಲೇ ಇರುತ್ತದೆ. ಜೇಬು ಮುಟ್ಟಿ ನೋಡಿಕೊಂಡರೆ ‘ಬೀಗದ ಕೈ’ ಅಲ್ಲಿಯೇ ಇದೆ. ನೂರು ವರ್ಷದ ಅಭ್ಯಾಸ ಹೇಳುತ್ತದೆ: ಕೀಲಿ ಜೇಬಿನಲ್ಲಿದೆ, ಆದುದರಿಂದ ಗಾಡಿ ನಿಂತಿದೆ. ಆ ನ್ಯಾಯ ಈಗ ಸುಳ್ಳು.

ಎಂಜಿನ್ನಿನ ಸದ್ದು ಕೇಳಿಸುವುದಿಲ್ಲವೇ ಎಂದು ನೀವು ಕೇಳಬಹುದು. ಈಗಿನ ಎಂಜಿನ್ನುಗಳು ಬಲು ಮೆತ್ತಗೆ ನಡೆಯುತ್ತವೆ. ವಯಸ್ಸಾದವರ ಕಿವಿಗೆ ಅದು ಗೋಡೆಯಾಚೆಯ ಪಿಸುಮಾತಿಗಿಂತ ಕಡಮೆ. ಪೆಟ್ರೋಲು ಮತ್ತು ವಿದ್ಯುತ್ತು ಎರಡರಿಂದಲೂ ನಡೆಯುವ ಹೈಬ್ರಿಡ್ ಕಾರುಗಳ ವಿಷಯ ಮತ್ತೂ ನಾಜೂಕಾದದ್ದು. ಮನೆ ಸೇರುವಾಗ ಅವು ಬ್ಯಾಟರಿಯ ಬಲದಿಂದ ನಿಶ್ಶಬ್ದವಾಗಿರುತ್ತವೆ. ಚಾಲಕ “ನಿಂತಿತು” ಎಂದು ತಿಳಿದು ಇಳಿದು ಹೋಗುತ್ತಾನೆ. ಬ್ಯಾಟರಿ ಇಳಿಯುತ್ತ ಬಂದ ಮೇಲೆ, ಯಾರೂ ಇಲ್ಲದ ಹೊತ್ತಿನಲ್ಲಿ, ಪೆಟ್ರೋಲು ಎಂಜಿನ್ನು ತನ್ನಷ್ಟಕ್ಕೆ ಎದ್ದು ಕೆಲಸ ಶುರುಮಾಡುತ್ತದೆ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಕಾರಿಗೆ ಸಲ್ಲದು.

ಅಮೆರಿಕದ ಅನೇಕ ಮನೆಗಳಲ್ಲಿ ಕಾರಿನ ಷೆಡ್ಡು ಮನೆಗೆ ಅಂಟಿಕೊಂಡೇ ಇರುತ್ತದೆ. ಷೆಡ್ಡಿನಿಂದ ಅಡಿಗೆ ಮನೆಗೆ ಒಂದು ಒಳಬಾಗಿಲು. ಅನೇಕ ಕಡೆ ಷೆಡ್ಡಿನ ಮೇಲೆಯೇ ಮಲಗುವ ಕೋಣೆ. ಚಳಿಯ ದೇಶವಾದ್ದರಿಂದ ಕಿಟಕಿ ಬಾಗಿಲುಗಳು ಗಾಳಿ ನುಸುಳದಂತೆ ಬಿಗಿಯಾಗಿರುತ್ತವೆ. ಹೊರಗಿನ ದೊಡ್ಡ ಬಾಗಿಲು ಗುಂಡಿ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಅಂಥ ಷೆಡ್ಡಿನಲ್ಲಿ ರಾತ್ರಿಯೆಲ್ಲ ಎಂಜಿನ್ನು ನಡೆದರೆ ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಮನೆಯೊಳಕ್ಕೆ ಹರಿಯುತ್ತದೆ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತು ತಿರುಗುವ ಹಿಮೋಗ್ಲೋಬಿನ್ ಎಂಬ ವಸ್ತು ಇದೆಯಷ್ಟೆ. ಅದಕ್ಕೆ ಆಮ್ಲಜನಕಕ್ಕಿಂತ ಈ ಅನಿಲದ ಮೇಲೆ ಇನ್ನೂರು ಪಾಲಿಗೂ ಮಿಕ್ಕ ಮೋಹ. ಒಮ್ಮೆ ಹಿಡಿದರೆ ಬೇಗ ಬಿಡುವುದಿಲ್ಲ. ಉಸಿರಾಟ ನಡೆಯುತ್ತಿದ್ದರೂ ದೇಹಕ್ಕೆ ಪ್ರಾಣವಾಯು ಸಿಕ್ಕದೆ ಹೋಗುತ್ತದೆ. ಎಚ್ಚರದಲ್ಲಿದ್ದವರಿಗೆ ಮೊದಲು ತಲೆನೋವು, ತಲೆ ಸುತ್ತು, ವಾಕರಿಕೆ. ನೆಗಡಿ ಜ್ವರ ಬರುತ್ತಿದೆಯೇನೋ ಎಂದುಕೊಳ್ಳುತ್ತಾರೆ. ನಿದ್ರೆಯಲ್ಲಿದ್ದವರಿಗೆ ಇಷ್ಟು ಸೂಚನೆಯೂ ಇಲ್ಲ.

೨೦೧೮ರ ಮೇ ತಿಂಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಇಂಥ ಪ್ರಸಂಗಗಳನ್ನು ಒಟ್ಟುಗೂಡಿಸಿ ಪ್ರಕಟಿಸಿತು. ೨೦೦೬ರಿಂದ ಅಲ್ಲಿಯವರೆಗೆ ಅಮೆರಿಕದಲ್ಲಿ ಕೀಲಿಯಿಲ್ಲದ ಕಾರುಗಳನ್ನು ನಿಲ್ಲಿಸಲು ಮರೆತು, ಈ ಅನಿಲಕ್ಕೆ ಸಿಕ್ಕಿ, ಕಡೆಯಪಕ್ಷ ೨೮ ಜನ ಸತ್ತಿದ್ದರು. ೪೫ ಜನ ಅಪಾಯಕ್ಕೊಳಗಾಗಿದ್ದರು. ಬದುಕಿದವರಲ್ಲಿ ಕೆಲವರ ಮೆದುಳಿಗೆ ಶಾಶ್ವತವಾದ ಹಾನಿಯಾಗಿತ್ತು. ಸತ್ತವರಲ್ಲಿ ಬಹಳ ಮಂದಿ ವಯಸ್ಸಾದವರು. ಕೋಟಿಗಟ್ಟಲೆ ಕಾರುಗಳಿರುವ ದೇಶದಲ್ಲಿ ೨೮ ದೊಡ್ಡ ಸಂಖ್ಯೆಯಲ್ಲವೆಂದು ಲೆಕ್ಕಿಗರು ಹೇಳಬಹುದು. ಆದರೆ ಅವರು ವೇಗವಾಗಿ ಓಡಿಸಿ ಸತ್ತವರಲ್ಲ, ಕುಡಿದು ಓಡಿಸಿದವರಲ್ಲ. ಸುಖವಾಗಿ ಮನೆ ಸೇರಿ, ಊಟ ಮಾಡಿ, ಮಲಗಿದವರು. ಒಂದು ಗುಂಡಿ ಒತ್ತುವುದನ್ನು ಮರೆತದ್ದೇ ಅವರಿಂದಾದ ಲೋಪ.

ಇದು ಆಗಬಹುದೆಂದು ಬಲ್ಲವರಿಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ೨೦೧೧ರ ಜನವರಿಯಲ್ಲಿಯೇ ಎಸ್.ಎ.ಇ. ಎಂಬ ಮೋಟಾರು ಎಂಜಿನಿಯರುಗಳ ಸಂಘ ಕೀಲಿಯಿಲ್ಲದ ಕಾರುಗಳಿಗೆ ಎಚ್ಚರಿಕೆಯ ಕ್ರಮಗಳನ್ನು ಸೂಚಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ಕಾರದ ಹೆದ್ದಾರಿ ಸುರಕ್ಷತಾ ಇಲಾಖೆ, ಎಂಜಿನ್ನು ನಡೆಯುತ್ತಿರುವಾಗ ಚಾಲಕ ಇಳಿದು ಹೋದರೆ ಗಾಡಿ ಹೊರಗೂ ಕೇಳುವಂತೆ ಕೂಗಬೇಕೆಂಬ ನಿಯಮದ ಕರಡನ್ನು ಮುಂದಿಟ್ಟಿತು. ಇಡೀ ಉದ್ಯಮಕ್ಕೆ ಅದರ ಖರ್ಚು ವರ್ಷಕ್ಕೆ ೫ ಲಕ್ಷ ಡಾಲರಿಗಿಂತ ಕಡಮೆ ಎಂದು ಇಲಾಖೆಯೇ ಅಂದಾಜು ಮಾಡಿತ್ತು. ಒಂದೊಂದು ಕಾರಿಗೆ ಹಂಚಿದರೆ ಅದು ಪುಡಿಗಾಸು. ಉದ್ಯಮ ಒಪ್ಪಲಿಲ್ಲ, ೨೦೧೮ರವರೆಗೂ ಆ ಕರಡು ಕರಡಾಗಿಯೇ ಇತ್ತು.

ಈ ನಡುವೆ ಕೆಲವು ಕಂಪನಿಗಳು ತಾವಾಗಿಯೇ ಮುಂದೆ ಬಂದವು. ಜನರಲ್ ಮೋಟಾರ್ಸ್ ೨೦೧೫ರಲ್ಲಿ ಷೆವರ್ಲೆ ವೋಲ್ಟ್ ಎಂಬ ತನ್ನ ಕಾರುಗಳನ್ನು, ಸುಮಾರು ೬೪,೦೦೦ದಷ್ಟನ್ನು, ಮರಳಿ ಕರೆಸಿ, ಬಹಳ ಹೊತ್ತು ಸುಮ್ಮನೆ ನಡೆಯುತ್ತಿದ್ದರೆ ತಾವಾಗಿ ನಿಲ್ಲುವಂತೆ ಅವುಗಳ ಲೆಕ್ಕಯಂತ್ರಕ್ಕೆ ಹೊಸ ಪಾಠ ಕಲಿಸಿತು. ಬ್ಯಾಟರಿ ತೀರಿದ ಮೇಲೆ ಪೆಟ್ರೋಲು ಎಂಜಿನ್ನು ತಾನೇ ಏಳುತ್ತದೆ ಎಂದೆನಲ್ಲ, ಆ ಜಾತಿಯ ಕಾರು ಅದು. ಫೋರ್ಡ್ ಕಂಪನಿ ೩೦ ನಿಮಿಷದ ಗಡುವನ್ನು ಇಟ್ಟುಕೊಂಡಿತು. ಟೊಯೋಟಾ ತನ್ನ ೨೦೨೦ರ ಮಾದರಿಗಳಿಂದ ಈ ಏರ್ಪಾಡು ಇರುವುದೆಂದು ೨೦೧೯ರಲ್ಲಿ ಸಾರಿತು. ಆ ವರ್ಷವೇ ಸೆನೆಟರ್ ರಿಚರ್ಡ್ ಬ್ಲೂಮೆಂಥಾಲ್ ಅಮೆರಿಕದ ಸೆನೆಟ್ಟಿನಲ್ಲಿ ಇದಕ್ಕಾಗಿ ಒಂದು ಮಸೂದೆ ತಂದರು. ಅದರ ಸಾರ ೨೦೨೧ರ ನವೆಂಬರ್ ೧೫ರಂದು ಸಹಿಯಾದ ರಸ್ತೆ ಸೇತುವೆಗಳ ದೊಡ್ಡ ಕಾಯಿದೆಯೊಳಗೆ ಸೇರಿತು. ಕೀಲಿಯಿಲ್ಲದ ಕಾರು ಗೊತ್ತಾದ ಹೊತ್ತಿನ ಮೇಲೆ ತಾನಾಗಿ ನಿಲ್ಲುವಂತೆ ನಿಯಮ ಮಾಡಬೇಕೆಂದು ಆ ಕಾಯಿದೆ ಸಾರಿಗೆ ಇಲಾಖೆಗೆ ವಿಧಿಸಿ, ಎರಡು ವರ್ಷದ ಗಡುವನ್ನೂ ಹಾಕಿತು.

ಶಾಲೆಯ ಮುಂದೆ ಕುಳಿತ ಆ ತಾಯಿಯ ಕಾರು ಏಕೆ ನಿಂತಿತೆಂಬುದು ಈಗ ತಿಳಿಯಿತಷ್ಟೆ. ಒಳಗೆ ಆಕೆ ಕುಳಿತಿದ್ದಾಳೆಯೋ, ಇಳಿದು ಹೋಗಿ ಮನೆಯಲ್ಲಿ ಮಲಗಿದ್ದಾಳೆಯೋ ಎಂಬುದು ಕಾರಿಗೆ ಖಚಿತವಾಗಿ ಗೊತ್ತಿಲ್ಲ. ಗಾಡಿ ಚಲಿಸುತ್ತಿಲ್ಲ, ಯಾರೂ ಬ್ರೇಕು ತುಳಿದಿಲ್ಲ, ಆಕ್ಸಿಲರೇಟರು ಮುಟ್ಟಿಲ್ಲ, ಅರ್ಧ ಗಂಟೆ ಕಳೆದಿದೆ: ಇಷ್ಟು ಮಾತ್ರ ಅದಕ್ಕೆ ಗೊತ್ತು. ಇಷ್ಟರಿಂದ ಅದು “ಯಾರೂ ಇಲ್ಲವೆಂದು ಭಾವಿಸೋಣ” ಎಂದು ತೀರ್ಮಾನಿಸುತ್ತದೆ. ಮನೆಯಲ್ಲಿ ಅಜ್ಜಿ ರಾತ್ರಿ ಒಂದು ಸುತ್ತು ಬಂದು, ಉರಿಯುತ್ತಿರುವ ದೀಪಗಳನ್ನು ಆರಿಸುತ್ತ ಬರುತ್ತಾಳಲ್ಲ, ಹಾಗೆ. ಓದುತ್ತ ಕುಳಿತವನ ದೀಪವನ್ನೂ ಒಮ್ಮೊಮ್ಮೆ ಆರಿಸಿಬಿಡುತ್ತಾಳೆ. “ಅಜ್ಜೀ, ಇಲ್ಲಿದ್ದೇನೆ” ಎಂದರೆ ಆಯಿತು.

ಕಾರಿಗೂ “ಇಲ್ಲಿದ್ದೇನೆ” ಎಂದು ಹೇಳುವ ಉಪಾಯವಿದೆ. ಫೋರ್ಡ್ ಕಾರುಗಳ ಕೈಪಿಡಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ನಿಲ್ಲುವ ಮುನ್ನ ಫಲಕದಲ್ಲಿ ೩೦ ಸೆಕೆಂಡುಗಳ ಇಳಿಯೆಣಿಕೆ ಕಾಣುತ್ತದೆ. ಅಷ್ಟರಲ್ಲಿ ಬ್ರೇಕನ್ನೋ ಆಕ್ಸಿಲರೇಟರನ್ನೋ ಒಮ್ಮೆ ಅದುಮಿದರೆ ಎಣಿಕೆ ಮತ್ತೆ ಮೊದಲಿನಿಂದ. ಬೇಕಾದರೆ ಆ ಒಂದು ಪ್ರಯಾಣದ ಮಟ್ಟಿಗೆ ಏರ್ಪಾಡನ್ನೇ ತಡೆದಿಡಬಹುದು. ಶಾಶ್ವತವಾಗಿ ತೆಗೆದುಹಾಕಲು ಬಾರದು. ಮುಂದಿನ ಸಲ ಎಂಜಿನ್ನು ಹೊರಡಿಸಿದಾಗ ಅದು ತಾನೇ ಮರಳಿ ಬರುತ್ತದೆ. ಇದನ್ನು ಹಟವೆಂದು ಬೈಯುವವರಿದ್ದಾರೆ. ಆದರೆ ಮರೆವಿಗೆ ಕಾವಲು ಇಟ್ಟ ಮೇಲೆ, ಆ ಕಾವಲನ್ನು ತೆಗೆದುಹಾಕಿ ಅದನ್ನೂ ಮರೆಯಲು ಅವಕಾಶ ಕೊಟ್ಟರೆ ಕಾವಲಿಗೆ ಅರ್ಥವೇನು?

ಇದರ ಜೊತೆಗೆ ಬಾಳುವವರು ಮೂರು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು.

ಮೊದಲನೆಯದು, ತಾನಾಗಿ ನಿಲ್ಲುವ ಎಲ್ಲ ಏರ್ಪಾಡುಗಳೂ ಒಂದೇ ಅಲ್ಲ. ನಮ್ಮ ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಹೊಸ ಕಾರುಗಳ ಎಂಜಿನ್ನು ನಿಂತು, ಹಸಿರು ದೀಪ ಬಂದಾಗ ಕ್ಲಚ್ಚು ತುಳಿದೊಡನೆಯೋ ಬ್ರೇಕು ಬಿಟ್ಟೊಡನೆಯೋ ಮತ್ತೆ ಹೊರಡುವುದನ್ನು ನೀವು ನೋಡಿದ್ದೀರಿ. ಅದು ಪೆಟ್ರೋಲು ಉಳಿಸುವುದಕ್ಕಾಗಿ ಮಾಡಿದ ಏರ್ಪಾಡು. ಗಾಡಿ ಅಲ್ಲಿ ತೂಕಡಿಸುತ್ತದೆಯೇ ಹೊರತು ಮಲಗುವುದಿಲ್ಲ. ಮನೆಯ ಮುಂದೆ ನಿಲ್ಲಿಸಿದಾಗ ಈ ಮೌನವನ್ನು ನಂಬಿ ಇಳಿದುಹೋಗಬಾರದು. ಇಳಿಯುವ ಮುನ್ನ ಗುಂಡಿ ಒತ್ತಿ, ಫಲಕದ ದೀಪಗಳು ಆರುವುದನ್ನು ಕಣ್ಣಾರೆ ನೋಡಬೇಕು. ಕಿವಿ ಮೋಸಹೋದೀತು, ಕಣ್ಣು ಅಷ್ಟು ಸುಲಭವಾಗಿ ಹೋಗದು.

ಎರಡನೆಯದು, ಅರ್ಧ ಗಂಟೆಯ ಗಡುವು ಪೂರ್ತಿ ರಕ್ಷೆಯಲ್ಲ. ಮುಚ್ಚಿದ ಜಾಗದಲ್ಲಿ ಅಷ್ಟು ಹೊತ್ತು ಹೊಗೆ ತುಂಬಿದರೂ ಕೇಡು ಕೇಡೇ. ಮನೆಗೆ ಅಂಟಿದ ಷೆಡ್ಡಿನಲ್ಲಿ, ಹೊರಬಾಗಿಲು ತೆರೆದಿದ್ದರೂ, ಎಂಜಿನ್ನನ್ನು ನಡೆಯಲು ಬಿಡಬಾರದೆಂದು ಅಮೆರಿಕದ ಆರೋಗ್ಯ ಇಲಾಖೆಯವರು ಎಚ್ಚರಿಸುತ್ತಾರೆ. ಹಳೆಯ ಕಾರುಗಳಲ್ಲಿ ಈ ಏರ್ಪಾಡು ಇಲ್ಲವೇ ಇಲ್ಲ. ನಮ್ಮಲ್ಲಿ ಮಾರುವ ಕಾರುಗಳಲ್ಲಿಯೂ ಗುಂಡಿ ಇದ್ದ ಮಾತ್ರಕ್ಕೆ ಇದು ಇದೆ ಎಂದು ತಿಳಿಯಬಾರದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಏ.ಸಿ. ನಡೆಯುತ್ತಿದೆ ಎಂಬ ಧೈರ್ಯದಿಂದ ಮಗುವನ್ನೋ, ನಡೆಯಲಾರದ ವೃದ್ಧರನ್ನೋ, ಸಾಕಿದ ನಾಯಿಯನ್ನೋ ಕಾರಿನೊಳಗೆ ಬಿಟ್ಟು ಅಂಗಡಿಗೆ ಹೋಗಕೂಡದು. ಎಂಜಿನ್ನು ತಾನಾಗಿ ನಿಂತರೆ ಏ.ಸಿ.ಯೂ ನಿಲ್ಲುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಸೆಕೆ ೧೦ ನಿಮಿಷದಲ್ಲಿ ಸುಮಾರು ೧೧ ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ದೊಡ್ಡವರ ಮೈಗಿಂತ ಮಗುವಿನ ಮೈ ಬಹು ಬೇಗ ಕಾಯುತ್ತದೆ. ಒಂದು ಅಪಾಯಕ್ಕೆ ಕಾವಲಾದದ್ದು ಇನ್ನೊಂದಕ್ಕೆ ಬಾಗಿಲು ತೆರೆಯಬಾರದಾದರೆ, ಕಾರಿನಲ್ಲಿ ಯಾರನ್ನೂ ಒಂಟಿಯಾಗಿ ಬಿಡದಿರುವುದೇ ದಾರಿ. ಹಾಗೆಯೇ, ದೂರದ ಪ್ರಯಾಣದಲ್ಲಿ ಆಯಾಸವಾಯಿತೆಂದು ಗಾಜುಗಳನ್ನು ಏರಿಸಿ, ಎಂಜಿನ್ನು ಹಾಕಿಕೊಂಡು, ಕಾರಿನೊಳಗೆ ನಿದ್ರೆ ಹೋಗುವುದೂ ಒಳ್ಳೆಯದಲ್ಲ. ಹೊಗೆಯ ಕೊಳವೆಯಲ್ಲಿ ಒಂದು ಸಣ್ಣ ತೂತಿದ್ದರೂ ಆ ಅನಿಲ ಒಳಕ್ಕೆ ಬಂದೀತು. ಗಾಡಿಯನ್ನು ನೆರಳಿಗೆ ಹಾಕಿ, ಎಂಜಿನ್ನು ನಿಲ್ಲಿಸಿ, ಗಾಜು ಇಳಿಸಿ ಒರಗುವುದು ಮೇಲು.

ಈ ಮಾತು ನಮಗೆ ದೂರದ್ದು ಎಂದು ಭಾವಿಸುವ ಹಾಗಿಲ್ಲ. ಈ ಹೊತ್ತು ಕರ್ನಾಟಕದ ಎಷ್ಟೋ ಪಟ್ಟಣಗಳಿಂದ ತಂದೆತಾಯಿಗಳು ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಬಾಣಂತನಕ್ಕೋ ಹೋಗಿ ಆರು ತಿಂಗಳು ಇದ್ದು ಬರುತ್ತಾರೆ. ಅವರು ಇಳಿದುಕೊಳ್ಳುವುದು ಇಂಥ ಮನೆಗಳಲ್ಲಿಯೇ. ಅನೇಕ ಕಡೆ ಅವರಿಗೆ ಬಿಟ್ಟುಕೊಡುವ ಕೋಣೆ ಷೆಡ್ಡಿನ ಮೇಲೆಯೋ ಪಕ್ಕದಲ್ಲಿಯೋ ಇರುತ್ತದೆ. ಮಗ ರಾತ್ರಿ ಹತ್ತು ಗಂಟೆಗೆ ಕೆಲಸ ಮುಗಿಸಿ, ಫೋನಿನಲ್ಲಿ ಮಾತಾಡುತ್ತಲೇ ಕಾರಿನಿಂದ ಇಳಿದು ಒಳಗೆ ಬರುತ್ತಾನೆ. ಮಾತಿನ ಭರದಲ್ಲಿ ಗುಂಡಿ ಮರೆಯುವುದು ಯಾರಿಗೂ ಆಗಬಹುದಾದದ್ದು. ಅಲ್ಲಿರುವ ಮಕ್ಕಳಿಗೆ ಮುಂದಿನ ಸಲ ಫೋನು ಮಾಡಿದಾಗ ಎರಡು ಪ್ರಶ್ನೆ ಕೇಳಿ. “ನಿನ್ನ ಕಾರು ಮರೆತರೆ ತಾನಾಗಿ ನಿಲ್ಲುತ್ತದೆಯೇನಪ್ಪಾ? ಎಷ್ಟು ಹೊತ್ತಿಗೆ?” ಎಂಬುದು ಒಂದು. “ಮಲಗುವ ಕೋಣೆಯ ಹತ್ತಿರ ಕಾರ್ಬನ್ ಮಾನಾಕ್ಸೈಡಿನ ಎಚ್ಚರಿಕೆ ಗಂಟೆ ಇದೆಯೇ? ಅದರ ಬ್ಯಾಟರಿ ಸರಿಯಾಗಿದೆಯೇ?” ಎಂಬುದು ಇನ್ನೊಂದು. ಆ ಗಂಟೆ ಅಂಗೈಯಗಲದ ಒಂದು ಸಾಧನ. ಅನಿಲ ಹೆಚ್ಚಾದರೆ ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ಕಾರು ತಾನಾಗಿ ನಿಲ್ಲದಿದ್ದರೂ ಈ ಗಂಟೆ ಪ್ರಾಣ ಉಳಿಸುತ್ತದೆ. ಅದು ಕೂಗಿದರೆ ಕಾರಣ ಹುಡುಕುತ್ತ ನಿಲ್ಲದೆ, ಮೊದಲು ಎಲ್ಲರೂ ಬಯಲಿಗೆ ಬರಬೇಕು.

ನಮ್ಮ ಊರುಗಳಲ್ಲಿ ಬಹುಪಾಲು ಕಾರುಗಳು ನಿಲ್ಲುವುದು ಬೀದಿಯಲ್ಲಿ, ಇಲ್ಲವೇ ನಾಲ್ಕು ಕಡೆ ಗಾಳಿಯಾಡುವ ಪೋರ್ಟಿಕೋದಲ್ಲಿ. ಇದು ನಮ್ಮ ಹವೆ ನಮಗೆ ಕೊಟ್ಟ ಭಾಗ್ಯ. ಆದರೆ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ದೊಡ್ಡ ಕಟ್ಟಡಗಳು ಬಂದಿವೆ. ಕಬ್ಬಿಣದ ಷಟರು ಎಳೆದು ಮುಚ್ಚುವ ಷೆಡ್ಡುಗಳೂ ಇವೆ. ವಿದ್ಯುತ್ತು ಹೋದಾಗ ಅಂಥ ಮುಚ್ಚಿದ ಜಾಗದಲ್ಲಿ ಜನರೇಟರು ಹಾಕುವವರೂ ಉಂಟು. ಅನಿಲಕ್ಕೆ ಕಾರು, ಜನರೇಟರು ಎಂಬ ಭೇದವಿಲ್ಲ. ಅಂಥ ಕಡೆ ಇರುವವರು ಈ ಮಾತನ್ನು ತಮ್ಮ ಮನೆಗೂ ಅನ್ವಯಿಸಿಕೊಳ್ಳಬೇಕು.

ಗುಂಡಿಯ ಕಾರು ಇಟ್ಟುಕೊಂಡವರು ತಿಳಿದಿರಬೇಕಾದ ಇನ್ನೆರಡು ಸಣ್ಣ ಸಂಗತಿಗಳನ್ನು ಹೇಳಿಬಿಡುತ್ತೇನೆ. ಸ್ಮಾರ್ಟ್ ಕೀಯ ಬ್ಯಾಟರಿ ತೀರಿದರೆ ಗಾಬರಿ ಬೇಡ. ಬಹಳ ಕಾರುಗಳಲ್ಲಿ ಆ ಡಬ್ಬಿಯೊಳಗೇ ಬಾಗಿಲಿಗಾಗಿ ಲೋಹದ ಒಂದು ಪುಟ್ಟ ಬೀಗದ ಕೈ ಅಡಗಿರುತ್ತದೆ. ಒಳಗೆ ಕುಳಿತು ಡಬ್ಬಿಯನ್ನೇ ಗುಂಡಿಗೆ ಒತ್ತಿಹಿಡಿದರೆ ಎಂಜಿನ್ನು ಹೊರಡುವುದೂ ಉಂಟು. ಹಾಗೆಯೇ, ಓಡುತ್ತಿರುವ ಗಾಡಿಯ ಎಂಜಿನ್ನನ್ನು ಅಪಾಯದ ಹೊತ್ತಿನಲ್ಲಿ ನಿಲ್ಲಿಸಬೇಕಾದರೆ ಗುಂಡಿಯನ್ನು ಒಮ್ಮೆ ತಟ್ಟಿದರೆ ಸಾಲದು. ಅನೇಕ ಕಾರುಗಳಲ್ಲಿ ಕೆಲವು ಸೆಕೆಂಡು ಒತ್ತಿಹಿಡಿಯಬೇಕು. ಕೈ ತಪ್ಪಿ ತಾಗಿದರೆ ನಡುರಸ್ತೆಯಲ್ಲಿ ನಿಲ್ಲಬಾರದೆಂದು ಹಾಗೆ ಮಾಡಿದ್ದಾರೆ. ಈ ವಿವರಗಳು ಒಂದೊಂದು ಕಾರಿಗೆ ಒಂದೊಂದು ಬಗೆ. ಕಾರಿನ ಜೊತೆ ಬರುವ ಕೈಪಿಡಿಯನ್ನು ಪ್ಲಾಸ್ಟಿಕ್ ಹೊದಿಕೆಯಿಂದಲೂ ಹೊರತೆಗೆಯದೆ ಜೋಪಾನವಾಗಿ ಇಟ್ಟಿರುವವರೇ ಹೆಚ್ಚು. ಒಂದು ಭಾನುವಾರ ಅದರಲ್ಲಿ ಎರಡು ಪುಟ ಓದಿದರೆ ಸಾಕು.

ಯಜಮಾನರು ಯಾರು ಎಂಬ ಆ ತಾಯಿಯ ಪ್ರಶ್ನೆಗೆ ಉತ್ತರ ಇಷ್ಟೆ. ಕೀಲಿ ಇದ್ದಾಗ ಕೆಲಸವನ್ನು ಶುರುಮಾಡುವ ಕೈಯೇ ಅದನ್ನು ಮುಗಿಸುತ್ತಲೂ ಇತ್ತು. ನಮ್ಮ ಸುಖಕ್ಕಾಗಿ ಕೀಲಿಯನ್ನು ತೆಗೆದುಹಾಕಿದವರು, ಅದರ ಜೊತೆಗೆ ಮುಗಿಸುವ ಕೆಲಸವೂ ಹೋಯಿತೆಂಬುದನ್ನು ಮೊದಲು ಗಮನಿಸಲಿಲ್ಲ. ತಾನಾಗಿ ನಿಲ್ಲುವ ಏರ್ಪಾಡು ಆ ಕೊರತೆಯನ್ನು ತಡವಾಗಿ ತುಂಬಿಕೊಟ್ಟದ್ದು. ಅದು ನಮ್ಮ ಯಜಮಾನಿಕೆಯನ್ನು ಕಸಿದುಕೊಂಡಿಲ್ಲ. ನಾವು ಮರೆತ ದಿನ ನಮ್ಮ ಪರವಾಗಿ ಒಂದು ಕೈ ಕೊಡುತ್ತದೆ. ಉಳಿದ ದಿನಗಳಲ್ಲಿ ಆ ಕೆಲಸ ನಮ್ಮದೇ. ಕಾರು ನಿಲ್ಲಿಸಿ, ಗೇರನ್ನು ಸರಿಯಾದ ಜಾಗಕ್ಕೆ ಹಾಕಿ, ಕೈಬ್ರೇಕು ಎಳೆದು, ಗುಂಡಿ ಒತ್ತಿ, ದೀಪಗಳು ಆರಿದ್ದನ್ನು ನೋಡಿ, ಆಮೇಲೆ ಬಾಗಿಲು ತೆರೆಯಿರಿ. ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ, ವಯಸ್ಸಾದವರಿಗೆ ಮೊದಲು, ಇದನ್ನು ಒಂದೆರಡು ಸಲ ಮಾಡಿ ತೋರಿಸಿ. ಹತ್ತು ದಿನ ಹೀಗೆ ಮಾಡಿದರೆ ಹನ್ನೊಂದನೆಯ ದಿನ ಕೈ ತಾನೇ ಮಾಡುತ್ತದೆ.